ತವರಿಗೆ ಹೋದ ಡಿಸ್ಕು

ಚೌಕಾಸಿಯಲ್ಲಿ ನನ್ನನ್ನು ಸೋಲಿಸುವವರು ಶಹಾಬಾದಿನಲ್ಲಿ ಇಲ್ಲವೆಂದು ನಂಬಿದ್ದೆ. ಮೊನ್ನೆ ನನ್ನದೇ ಕಂಪ್ಯೂಟರ್ ಸೋಲಿಸಿತು.

ಕಲ್ಲು ಹೊತ್ತು ಶುರುಮಾಡಿ ಅದನ್ನು ಕೊಯ್ದು ಪಾಲಿಶ್ ಮಾಡುವ ಸ್ವಂತ ಅಂಗಳ ಕಟ್ಟಿದವನು ನಾನು. ಕಲಿತ ಪಾಠ ಒಂದೇ: ಬೇಕೇ ಬೇಕೆಂಬುದನ್ನು ಮುಖದಲ್ಲಿ ತೋರಿಸಬೇಡಿ. ಸಿಕ್ಕರೆ ಸರಿ, ಇಲ್ಲದಿದ್ದರೂ ನಡೆಯುತ್ತದೆ ಎಂಬಂತೆ ಎದ್ದು ನಿಲ್ಲಿ. ದರ ತಾನಾಗಿ ಇಳಿಯುತ್ತದೆ. ಕಂಪ್ಯೂಟರ್ ನಡೆಸಲು ಲಿನಕ್ಸ್ ಎಂಬ ತಂತ್ರಾಂಶ ಹಾಕಿಸಿದ್ದೂ ಹಾಗೆಯೇ. ಪುಕ್ಕಟೆ ಎಂದರು, ಅದಕ್ಕಿಂತ ಇಳಿಸಲು ಜಾಗವಿರಲಿಲ್ಲ, ಒಪ್ಪಿದೆ.

ಮೊನ್ನೆ ಸುಲೇಪೇಟದ ಗಿರಾಕಿ ಶರಣಪ್ಪ ಲಾರಿ ಸಮೇತ ಬಂದರು. ಅವರ ಹೊಸ ಮನೆಯ ಹಾಸುಗಲ್ಲಿನ ಅಳತೆಯೆಲ್ಲ ಕಂಪ್ಯೂಟರಿನಲ್ಲಿತ್ತು. ಅದೋ, ಯಾವುದೋ ಡಿಸ್ಕಿಗಾಗಿ ಕಾದು ಕಾದು, ಕೊನೆಗೆ ತುರ್ತು ಸ್ಥಿತಿ ಎಂಬರ್ಥದ ಒಂದು ಸಾಲು ತೋರಿಸಿ ಕೂತುಬಿಟ್ಟಿತು. ಆರಿಸಿ ಹಚ್ಚಿದೆ. ಮತ್ತೆ ಅದೇ. ಈ ವಯಸ್ಸಿನಲ್ಲಿ ಬೈಯಲಿಕ್ಕೂ ಉಸಿರು ಸಾಲದು.

“ಏನ್ರಿ ಸಾವ್ಕಾರ್ರ, ನಿಮ್ಮ ಮಷಿನ್ ಉಪಾಸ ಕುಂತದೇನು? ಬಾಜೂ ಅಂಗಳಕ್ಕ ಹೋಗ್ಲೇನು?” ಎನ್ನುತ್ತ ಶರಣಪ್ಪ ಎದ್ದು ನಿಂತರು. ನನ್ನದೇ ವಿದ್ಯೆ!

ಡಿಸ್ಕ್ ಏನಾದರೂ ತೆಗೆದಿಟ್ಟಿದ್ದಾಳೆಯೇ ಎಂದು ಕೇಳಲು ಚಿತ್ತಾಪುರದ ತವರಿನಲ್ಲಿದ್ದ ಹೆಂಡತಿಗೆ ಫೋನ್ ಮಾಡಿದೆ.

“ಮಗಳ ಮದುವಿ ಫೋಟೋದ ಡಿಸ್ಕಾ? ಅವ್ವಗ ತೋರ್ಸಾಕ ತಂದೀನಿ. ಅದಿಲ್ಲಂದ್ರ ಕಲ್ಲು ಕಡ್ಯಾಕ ಆಗಲ್ಲೇನ್ರಿ?”

ಆಗಬೇಕು. ಅಳತೆ ಇದ್ದದ್ದು ಕಂಪ್ಯೂಟರಿನ ಒಳಗೇ. ಆದರೆ ಶುರುವಾಗುವಾಗ ಯಾವ ಯಾವ ಡಿಸ್ಕ್ ಜೋಡಿಸಬೇಕೆಂದು ಹೇಳುವ ಫೈಲಿನಲ್ಲಿ ಫೋಟೋ ಡಿಸ್ಕಿನ ಸಾಲನ್ನೂ ನಾನು ಬರೆದಿದ್ದೆ, ಯಾವ ಷರತ್ತೂ ಹಾಕದೆ. ಷರತ್ತಿಲ್ಲದಿದ್ದರೆ ಲಿನಕ್ಸಿನ ಲೆಕ್ಕದಲ್ಲಿ ಅದು ಬೇಕೇ ಬೇಕು. ಊರಿಗೆಲ್ಲ ಹೇಳುವ ಪಾಠವನ್ನು ಯಂತ್ರಕ್ಕೆ ಹೇಳುವುದನ್ನೇ ಮರೆತಿದ್ದೆ.

ನೀವಾದರೂ ಕೇಳಿ: ಆಗಾಗ ಬಿಚ್ಚಿ ಒಯ್ಯುವ ಡಿಸ್ಕಿನ ಸಾಲಿನಲ್ಲಿ ‘ನೋಫೇಲ್’ ಎಂದು ಸೇರಿಸಿ. ಇಲ್ಲದಿದ್ದರೂ ನಡೆಯಲಿ ಎಂದರ್ಥ. ನಾನೂ ತುರ್ತು ಸ್ಥಿತಿಯ ಆ ಕರಿ ಪರದೆಯಲ್ಲೇ ಪಾಸ್‌ವರ್ಡ್ ಕೊಟ್ಟು, ಸಾಲು ತಿದ್ದಿ, ಮತ್ತೆ ಹಚ್ಚಿದೆ. ಅಳತೆ ಬಂತು, ಶರಣಪ್ಪ ಕುಳಿತರು, ಕಲ್ಲು ಕತ್ತರಿಸುವ ಯಂತ್ರ ಕಿರುಚತೊಡಗಿತು. ಅಷ್ಟು ಇಂಪಾದ ಕಿರುಚಾಟ ನಾನು ಕೇಳಿಲ್ಲ.

ಸಂಜೆ ಹೆಂಡತಿಯೇ ಫೋನ್ ಮಾಡಿದಳು; ಸಾಲು ತಿದ್ದಿದ ಕಥೆ ಹೇಳಿದೆ. “ನಾನೂ ಡಿಸ್ಕೂ ಇಲ್ದಿದ್ರೂ ನಡೀತದಲ್ಲ ಈಗ? ಇನ್ನೊಂದ್ ವಾರ ಇದ್ದು ಬರ್ತೀನ್ರಿ.”

ಚೌಕಾಸಿಗೆ ಹದವಾದ ಹೊತ್ತು. “ನಡೀತದ, ಇರು” ಎಂದು ಸುಮ್ಮನಾಗಿದ್ದರೆ ಅವಳೇ ಇಳಿದು ಬರುತ್ತಿದ್ದಳು. ಆದರೆ ಎದುರಿಗೆ ಮುಂಜಾನೆಯ ಸೆಟೆದ ರೊಟ್ಟಿ, ಗಂಟಲಲ್ಲಿ ದಿನವಿಡೀ ಕುಡಿದ ಕಲ್ಲಿನ ಧೂಳು. ಮೊದಲ ಮಾತಿಗೇ ಪೂರ್ತಿ ದರ ಒಪ್ಪಿಬಿಟ್ಟೆ:

“ಭಾಳ ಆಯ್ತು. ನಾಳಿ ಮುಂಜಾನಿ ಗಾಡಿಗೇ ಬಂದ್ಬಿಡು.”