ಕೇಳದೆ ತೆಗೆದುಕೊಂಡ ರೊಟ್ಟಿ

ಆ ಹುಡುಗಿ ರೊಟ್ಟಿ ತೆಗೆದುಕೊಂಡದ್ದು ಪಕ್ಕದ ಮನೆಯ ಬುಟ್ಟಿಯಿಂದಲೇ ಇರಬೇಕು, ಅವಳ ಅಜ್ಜಿಯ ಮನೆಯದಾಗಿದ್ದರೆ ನಾನೇಕೆ ಬೆಚ್ಚುತ್ತಿದ್ದೆ? ಆದರೆ ನೆನಪಿನಲ್ಲಿ ಎರಡೂ ಮನೆಯ ಗೋಡೆ ಒಂದೇ ನೀಲಿ. ಆ ನೀಲಿಯನ್ನು ಆಮೇಲೆ ನಾನೇ ನೆನಪಿಗೆ ಬಳಿದಿರಲೂಬಹುದು.

ಹರಿಹರದ ಪಕ್ಕದ ಗುತ್ತೂರಿಗೆ ನಾನು ಹೋದದ್ದು ಎಂಟು ವರ್ಷದ ಆ ಹುಡುಗಿಗಾಗಿ. ತಾಯಿ ತೀರಿಕೊಂಡಿದ್ದಳು, ತಂದೆಯ ಸುದ್ದಿಯಿರಲಿಲ್ಲ. ಕಣ್ಣು ಮಂಜಾದ ಅಜ್ಜಿಯ ಬಳಿಯೇ ಅವಳನ್ನು ಬಿಡಬೇಕೋ, ದಾವಣಗೆರೆಯ ಬಾಲಮಂದಿರಕ್ಕೆ ಸೇರಿಸಬೇಕೋ ಎಂದು ಮಕ್ಕಳ ಕಲ್ಯಾಣ ಸಮಿತಿ ತೀರ್ಮಾನಿಸುವ ಮುನ್ನ ಮನೆ ನೋಡಿ ಬರುವುದು ನನ್ನ ಕೆಲಸ. ಮಗು ಕಂಡಕಂಡವರ ಮನೆಯಲ್ಲಿ ಉಣ್ಣುತ್ತದೆ ಎಂದು ಯಾರೋ ದೂರಿದ್ದರು.

ಆ ಮಾತು ನನಗೆ ಬೇಗ ನಾಟಿತು. ನಾನು ಚಿಕ್ಕವಳಿದ್ದಾಗ, ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯಲ್ಲಿ, ಬೇರೆಯವರ ಹೊಸ್ತಿಲು ತುಳಿಯುವ ಮುಂಚೆಯೇ ಅವ್ವ ಹೇಳಿಕೊಡುತ್ತಿದ್ದಳು: "ಏನ್ ಕೊಟ್ರೂ ಉಂಡು ಬಂದೀನಿ ಅನ್ನು." ಹಸಿದಿದ್ದರೂ ಅನ್ನಬೇಕು. ಅದು ಮರ್ಯಾದೆ.

"ಇಲ್ಲಿ ಫ್ಯಾನ್ ಐತೆ, ಬರ್ರಿ, ಕೂಡ್ರಿ" ಎಂದು ಅಜ್ಜಿ ನನ್ನನ್ನು ಕರೆದೊಯ್ದದ್ದೇ ಪಕ್ಕದ ಮನೆಗೆ. ಆ ಮನೆಯಾಕೆ ಬೇರೆ ಜಾತಿಯವಳು, ಕಾರ್ಖಾನೆಯಲ್ಲಿ ಕೆಲಸ. ರೊಟ್ಟಿ ತಟ್ಟುತ್ತಿದ್ದಳು. ಹುಡುಗಿ ಶಾಲೆಯಿಂದ ಬಂದು, ಚೀಲ ಎಸೆದು, ಯಾರನ್ನೂ ಕೇಳದೆ ಬುಟ್ಟಿಗೆ ಕೈ ಹಾಕಿದಳು. ನಾನು ಬೆಚ್ಚಿದೆ. ಮನೆಯಾಕೆ ತಲೆ ಕೂಡ ಎತ್ತಲಿಲ್ಲ.

"ಕೈ ತೊಳಕಂಡೇನೇ ಕತ್ತೆ?"

"ತೊಳಕಂಡೀನಿ ದೊಡ್ಡಮ್ಮ."

"ಸುಳ್ಳುಬುರ್ಕಿ, ಅಂಗೈ ತೋರ್ಸು. ನೋಡ್ರಿ ಮೇಡಂ, ಇದ್ರಾಗ ಜ್ವಾಳ ಬಿತ್ತಬೋದು!"

ನನಗೆ ಕುತೂಹಲ ಹುಟ್ಟಿತು. ಯಾರು ಸಾಕುತ್ತಾರೆ ಎಂದು ಕೇಳಬೇಕಾದವಳು, ಯಾರ್ಯಾರು ಬೈಯುತ್ತಾರೆ ಎಂದು ಕೇಳಿದೆ.

ಅಜ್ಜಿ ನಕ್ಕಳು. "ಬೈಯಲಾರದೋರು ಯಾರು ಅಂತ ಕೇಳ್ರಿ, ಜಲ್ದಿ ಮುಗೀತೈತೆ."

"ಸಾಲಿ ತಪ್ಪಿಸಿದ್ರೆ ನಾನು," ಎಂದಳು ಮನೆಯಾಕೆ. "ತಲೆ ಬಾಚ್ಕಣದಿದ್ರೆ ಮೂಲಿಮನೆ ಅಕ್ಕ. ಜ್ವರ ಬಂದ್ರೆ ರಜಾ ಹಾಕಿ ದವಾಖಾನಿಗೆ ಹೊತ್ಕಂಡು ಹೋಗಾಕಿನೂ ನಾನೇ. ಅಲ್ಲಿ ಡಾಕ್ಟ್ರು ನನ್ನೇ ಬೈತಾರೆ." ಆಮೇಲೆ ತಟ್ಟುವುದನ್ನು ನಿಲ್ಲಿಸಿದಳು. "ಯಾಕ್ರಿ, ಕರ್ಕಂಡು ಹೋಗಾಕೆ ಬಂದೀರೇನು?"

ಹುಡುಗಿ ಅಗಿಯುವುದನ್ನು ನಿಲ್ಲಿಸಿದಳು.

"ನೋಡೋಕೆ ಬಂದೀನಿ" ಎಂದೆ. ಅದು ಉತ್ತರವಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಈ ಮನೆಗಳೆಲ್ಲ ಸೇರಿಯೇ ಆ ಮಗುವಿನ ಮನೆ ಎಂದು ಸಮಿತಿಯ ಮುಂದೆ ವಾದಿಸಿದೆ. "ಎಲ್ಲರ ಮಗು ಅಂದ್ರೆ ನಾಳೆ ಯಾರ ಮಗೂ ಅಲ್ಲ ಅಂತಾದೀತು" ಎಂದರು ಒಬ್ಬ ಸದಸ್ಯರು. ಆ ಮಾತನ್ನು ತಳ್ಳಿಹಾಕಲು ನನಗಾಗಲಿಲ್ಲ, ಈಗಲೂ ಆಗುವುದಿಲ್ಲ. ಕೊನೆಗೆ ಅಜ್ಜಿಯ ಜೊತೆ ಪಕ್ಕದ ಮನೆಯಾಕೆಯೂ ಹೊಣೆ ಹೊತ್ತಳು. ನಾನು ಆಗಾಗ ಹೋಗಿ ನೋಡಬೇಕೆಂಬ ಷರತ್ತಿನ ಮೇಲೆ ಹುಡುಗಿ ಗುತ್ತೂರಿನಲ್ಲೇ ಉಳಿದಳು.

ಹೋಗುತ್ತಿರುತ್ತೇನೆ. ಅವಳು ಬೆಳೆದಿದ್ದಾಳೆ, ಬೈಸಿಕೊಳ್ಳುತ್ತಾಳೆ, ತಿರುಗಿ ಬೈಯುವುದನ್ನೂ ಕಲಿತಿದ್ದಾಳೆ. ಆದರೆ ತಾಯಿಯ ನೆನಪಾಗಿ ಅಳು ಬಂದಾಗ ಇಷ್ಟು ಬಾಗಿಲುಗಳಲ್ಲಿ ಯಾವ ಬಾಗಿಲಿಗೆ ಹೋಗುತ್ತಾಳೋ, ಅಥವಾ ಯಾವುದಕ್ಕೂ ಹೋಗುವುದಿಲ್ಲವೋ, ನನಗೆ ಗೊತ್ತಿಲ್ಲ.