ಓದುವ ಆಸೆಯ ಬಗ್ಗೆ ಭಾಗ್ಯ ಕಂಡುಕೊಂಡದ್ದು

ಅದು ೧೯೯೫ನೆಯ ಇಸವಿ. ಶಿಕ್ಷಣ ಚಳವಳಿಯ ಕಾರ್ಯಕರ್ತೆಯಾಗಿ ನಾನು ಪಾಂಡವಪುರ ತಾಲ್ಲೂಕಿನಲ್ಲಿ ಓಡಾಡುತ್ತಿದ್ದೆ. ಚಿನಕುರಳಿಯ ಕಡೆಯ ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯರು ಮಕ್ಕಳಿಗೆ ಓದಿನಲ್ಲಿ ಆಸಕ್ತಿಯೇ ಇಲ್ಲವೆಂದು ದೂರಿದಾಗ, ಕಾರಣವನ್ನು ಮಕ್ಕಳೇ ಹುಡುಕಲಿ ಎಂದೆ. ಅವರೂ ಒಪ್ಪಿದರು.

ಒಂಬತ್ತನೇ ತರಗತಿಯ ಹುಡುಗಿಯರು ತಾವೇ ಪ್ರಶ್ನೆಗಳನ್ನು ರೂಪಿಸಿಕೊಂಡು ಸಹಪಾಠಿಗಳನ್ನು ವಿಚಾರಿಸತೊಡಗಿದರು. ಬಡಗಿಯೊಬ್ಬರ ಮಗಳು ಭಾಗ್ಯ ಅವರ ಮುಂದಾಳು.

"ಓದೋ ಆಸೆ ನಿಂಗೆ ಯಾವಾಗ ಓಯ್ತದೆ?" ಎಂದು ಅವಳು ಕೇಳಿದರೆ, "ಮೇಷ್ಟ್ರು ಬಾಯ್ ತೆಗ್ದಾಗ ಕಣಮ್ಮಿ" ಎಂದು ಗೆಳತಿ ಕಿಸಕ್ಕನೆ ನಕ್ಕಳು.

"ತಮಾಸೆ ಬುಡು, ದಿಟ ಏಳು" ಎಂದು ಭಾಗ್ಯ ಪಟ್ಟು ಹಿಡಿದಳು.

ದಿಟ ಹೊರಬಂತು. ಆಸೆ ಬಹುತೇಕ ಎಲ್ಲರಲ್ಲೂ ಇತ್ತು. ಪಠ್ಯಪುಸ್ತಕ ಬಿಟ್ಟರೆ ಓದಲು ಏನೂ ಇರಲಿಲ್ಲ. ಶಾಲೆಯ ಕಥೆಪುಸ್ತಕಗಳೆಲ್ಲ ಬೀಗ ಹಾಕಿದ ಬೀರುವಿನಲ್ಲಿದ್ದವು. ಪುಸ್ತಕ ಕಳೆದರೆ ಅದರ ಬೆಲೆಯನ್ನು ಮೇಷ್ಟರ ಸಂಬಳದಿಂದಲೇ ಮುರಿದುಕೊಳ್ಳುತ್ತಿದ್ದುದರಿಂದ, ಯಾರಿಗೂ ಕೊಡದಿರುವುದೇ ಜಾಣತನವಾಗಿತ್ತು. ಮೊದಲ ಅನ್ಯಾಯ ಆ ನಿಯಮದ್ದು.

ಪೋಷಕರ ಸಭೆಯಲ್ಲಿ ಭಾಗ್ಯ ಎದ್ದು ನಿಂತು, "ಬೀರು ತೆಗುದ್ರೆ ಎಲ್ಲಾರೂ ಓದ್ತೀವಿ ಸಾರ್" ಎಂದಳು.

ಮುಖ್ಯೋಪಾಧ್ಯಾಯರ ಮುಖ ಕಪ್ಪಿಟ್ಟಿತು. ಅವಳ ತಂದೆಯತ್ತ ತಿರುಗಿ, "ಏನಯ್ಯಾ, ಮಗಳ್ನ ಓದೋಕೆ ಕಳಿಸಿದ್ದೀಯೋ, ನನ್ ಮೇಲೆ ತನಿಖೆ ಮಾಡೋಕೋ?" ಎಂದು ಹಂಗಿಸಿದರು. ಮುಂದಿನ ಸಾಲಿನಲ್ಲಿದ್ದ ಜಮೀನುದಾರರು ಗೊಳ್ಳೆಂದು ನಕ್ಕರು. ನನ್ನ ಪ್ರತಿಭಟನೆ ಆ ನಗುವಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಬಡವನನ್ನು ಅವನ ಮಗಳ ಮುಂದೆಯೇ ಕುಗ್ಗಿಸಿದ್ದು ಎರಡನೆಯ ಅನ್ಯಾಯ.

ಮರುದಿನದಿಂದ ಭಾಗ್ಯ ಶಾಲೆಗೆ ಬರಲಿಲ್ಲ. ನಾನು ಅವಳ ಮನೆಗೆ ಹೋದೆ.

"ತಪ್ಪು ಅವಳದಲ್ಲ ಅಣ್ಣಾ, ದಯವಿಟ್ಟು ಕಳಿಸಿ" ಎಂದು ಬೇಡಿಕೊಂಡೆ.

ಅವಳ ತಂದೆ ಉಳಿಯಿಂದ ಕಣ್ಣೆತ್ತದೆ ಹೇಳಿದರು: "ನಗಾಡ್ದೋರ್ ಮನೇಗೇ ನಾಳಿಕ್ಕೆ ಕೆಲ್ಸಕ್ಕೋಗ್ಬೇಕು ಕಣವ್ವಾ. ನೀವೇನೋ ಬಸ್ಸತ್ಕೊಂಡು ಓಯ್ತೀರಿ. ಸಾಕು ಬುಡಿ."

ಹೆಣ್ಣುಮಗಳ ಓದನ್ನೇ ಎಲ್ಲಕ್ಕಿಂತ ಮೊದಲು ಬಲಿಕೊಟ್ಟದ್ದು ಮೂರನೆಯ ಅನ್ಯಾಯ. ಆದರೆ ಅವರ ಮಾತೂ ನಿಜವೇ. ನಾನು ಹೊರಟೆ.

ಬೀದಿಯ ತಿರುವಿನವರೆಗೆ ಭಾಗ್ಯ ನನ್ನೊಡನೆ ಬಂದಳು. "ಆಸೆ ಯಾವಾಗ ಓಯ್ತದೆ ಅಂತ ಎಲ್ಲಾರ್ನೂ ಕೇಳ್ದೆ ಮೇಡಂ. ಇಸ್ಕೂಲ್ ಬುಡ್ಸುದ್ರೂ ನಂದು ಓಗ್ನಿಲ್ಲ. ಅದೇ ಕಷ್ಟ" ಎಂದಳು.

ಮೇಲಧಿಕಾರಿಗಳಿಗೆ ಬರೆದ ಅರ್ಜಿಗಳಿಗೆ ಉತ್ತರ ಬರಲಿಲ್ಲ. ಸತ್ಯ ಹುಡುಕಲು ಮಕ್ಕಳನ್ನು ಕಳಿಸುವ ಮುನ್ನ, ಅದನ್ನು ಕೇಳಿಸಿಕೊಳ್ಳಲು ಹಿರಿಯರನ್ನು ಸಿದ್ಧಪಡಿಸಬೇಕು ಎಂಬುದನ್ನು ಅಂದು ಕಲಿತೆ. ಕಲಿತದ್ದು ನಾನು, ಅದಕ್ಕೆ ಬೆಲೆ ತೆತ್ತವಳು ಭಾಗ್ಯ.