ಪುಟ್ಟರಾಜುವಿನ ದವಡೆ, ಫೈನಲ್ಲಿನ ಮೈಕು

ಹದಿನಾರು ಎಂಬ ಊರಿನ ಪುಟ್ಟರಾಜು ನಾಲ್ಕು ಹಸು ಸಾಕಿ ಡೈರಿಗೆ ಹಾಲು ಹಾಕುವವನು. ಆದರೆ ಜನ ಅವನನ್ನು ಬಲ್ಲದ್ದು ಕಬಡ್ಡಿಯಿಂದ. ನಂಜನಗೂಡು, ನರಸೀಪುರದ ಸುತ್ತ ಎಲ್ಲಿ ಪಂದ್ಯವಿದ್ದರೂ ಮೈಕು ಹಿಡಿದು ಆಟ ವಿವರಿಸಲು ಅವನೇ ಬೇಕಿತ್ತು.

ಹೋದ ಭಾದ್ರಪದದಲ್ಲಿ, ಚೊಚ್ಚಲ ಕರು ಹಾಕಿದ ಹಸುವೊಂದು ಹಾಲು ಕರೆಯಲು ಕೂತವನ ದವಡೆಗೇ ಒದ್ದಿತು. ಎಡಗಡೆ ಎರಡು ಕಡೆ ಮುರಿದು, ಮೈಸೂರಿನಲ್ಲಿ ಆಪರೇಷನ್ ಮಾಡಿ ಎರಡು ಪ್ಲೇಟು, ಎಂಟು ಸ್ಕ್ರೂ ಹಾಕಿದರು.

ಮೂಳೆ ಕೂಡಿತು, ಕಿರಿಕಿರಿ ಹೋಗಲಿಲ್ಲ. ಚಳಿಗಾಲದ ಬೆಳಗಿನಲ್ಲಿ ದವಡೆ ಕಿವಿಯವರೆಗೂ ಎಳೆಯುತ್ತಿತ್ತು. ಬೇಡವೆಂದರೂ ನಾಲಿಗೆ ಒಸಡಿನಡಿ ಗಂಟಿನಂತೆ ಸಿಗುವ ಪ್ಲೇಟನ್ನೇ ತಡವುತ್ತಿತ್ತು. ಹೆಂಡತಿ ವೆಂಕಟಮ್ಮ ಬಿಸಿ ಉಪ್ಪುನೀರು ಕೊಟ್ಟು, ಮಫ್ಲರ್ ಸುತ್ತಿಯೇ ಕೊಟ್ಟಿಗೆಗೆ ಕಳಿಸುತ್ತಿದ್ದಳು. ಅಗಿಯದೆ ನುಂಗುವ ಮುದ್ದೆಯಿಂದ ಹೊಟ್ಟೆಗೇನೂ ಕಷ್ಟವಾಗಲಿಲ್ಲ. ಸಂಕಟವೆಲ್ಲ ಜೋಮು ಹಿಡಿದಂತಿದ್ದ ಕೆಳತುಟಿಯದು. 'ಕಬಡ್ಡಿ' ಎಂದರೆ 'ಕವಡ್ಡಿ' ಎಂದು ಕೇಳುತ್ತಿತ್ತು. ಹಾಲು ಕರೆಯುತ್ತಲೇ ಅದನ್ನು ನೂರು ಸಲ ಹೇಳಿ ತಿದ್ದಿಕೊಳ್ಳುತ್ತಿದ್ದ.

ಅಂಥದ್ದರಲ್ಲಿ ನರಸೀಪುರದ ಹೆಣ್ಣುಮಕ್ಕಳ ಟೂರ್ನಮೆಂಟ್ ಬಂತು. ಅದನ್ನು ನಡೆಸುತ್ತಿದ್ದ ನಂಜೇಶ್ ಮನೆಗೇ ಬಂದ.

"ಅಣ್ಣ, ನೀವು ಸ್ಟೇಜ್ ಮ್ಯಾಲೆ ಕೂತ್ಕಂಡ್ರೆ ಸಾಕು. ಮಾತಾಡಕ್ಕೆ ಗುರುಪ್ರಸಾದ್‌ನ ಕರ್ಸಿವ್ನಿ."

"ಕೂತ್ಕಳಕ್ಕೆ ನಮ್ಮನೇಲೂ ಜಗ್ಲಿ ಅದೆ ಕಣ್ಲಾ," ಎಂದ ಪುಟ್ಟರಾಜು. "ಮೈಕ್ ಕೊಟ್ರೆ ಬತ್ತೀನಿ."

ಮರುದಿನವೇ ಮೈಸೂರಿಗೆ ಹೋಗಿ ಡಾಕ್ಟರನ್ನು ಕಂಡ. ಚಳಿಗೆ ಹೀಗೆ ಎಳೆಯುವುದುಂಟು, ಕೀವು ಆಗದಿದ್ದರೆ, ಸ್ಕ್ರೂ ಸಡಿಲವಾಗದಿದ್ದರೆ ಪ್ಲೇಟು ಅಲ್ಲೇ ಇರಬಹುದು ಎಂದರು ಅವರು. ಮಾತಾಡಿ, ಆದರೆ ಬಾಯಿ ದೊಡ್ಡದಾಗಿ ತೆರೆದು ಕಿರುಚಬೇಡಿ ಎಂದೂ ಹೇಳಿದರು. ಕೊನೆಗೆ ಮೊದಲರ್ಧ ಗುರುಪ್ರಸಾದ್, ಎರಡನೆಯದು ಪುಟ್ಟರಾಜು ಎಂದು ತೀರ್ಮಾನವಾಯಿತು.

ಭಾನುವಾರ ಮಧ್ಯಾಹ್ನ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕವಲಂದೆಗೂ ಸೋಸಲೆಗೂ ಫೈನಲ್. ಎರಡನೆಯ ಅರ್ಧಕ್ಕೆ ಮೈಕು ಕೈಗೆ ಬಂದಾಗ ಪುಟ್ಟರಾಜು ಮಫ್ಲರ್ ಸಡಿಲಿಸಿಕೊಂಡ. ಕೂಗದೆ, ತಗ್ಗಿದ ದನಿಯಲ್ಲಿ, ಪಕ್ಕದಲ್ಲಿ ಕೂತವನಿಗೆ ಹೇಳುವಂತೆ ಶುರು ಮಾಡಿದ. ಗದ್ದಲ ತಾನಾಗಿ ಇಳಿಯಿತು. ಕೇಳಿಸಿಕೊಳ್ಳಲು ಜನ ಮುಂದಕ್ಕೆ ಬಾಗಿದರು.

ಇಪ್ಪತ್ತೇಳಕ್ಕೆ ಇಪ್ಪತ್ತೇಳು. ಕೊನೆಯ ರೈಡ್‌ಗೆ ಕವಲಂದೆಯ ರೋಜಾ ಒಳಗೆ ನುಗ್ಗಿದಳು. ಸೋಸಲೆಯ ಮೂವರು ಬಿದ್ದು ಅವಳ ಕಾಲು ಹಿಡಿದರು. ಮುಗಿಯಿತೆಂದು ಸೋಸಲೆಯ ಕಡೆಯವರು ಎದ್ದು ನಿಂತರು. ಪುಟ್ಟರಾಜು ಮಾತ್ರ ನಡುಗೆರೆಯತ್ತ ಚಾಚಿದ ಅವಳ ಬೆರಳನ್ನೇ ನೋಡುತ್ತಿದ್ದ.

"ಉಸ್ರು ಬಿಟ್ಟಿಲ್ಲ... ತೆವಳ್ತಾವ್ಳೆ... ಒಂದು ಗೇಣು... ನಾಕು ಬೆಳ್ಳು... ಗೆರೆ ಮುಟ್ಟುದ್ಲು!"

ಆ ಕೊನೆಯ ಮಾತನ್ನು ಕಿರುಚುವಾಗ ಅವನಿಗೆ ಡಾಕ್ಟರೂ ನೆನಪಿರಲಿಲ್ಲ, ಪ್ಲೇಟೂ ನೆನಪಿರಲಿಲ್ಲ. ದವಡೆಯಲ್ಲಿ ಚಳಕ್ ಎಂದದ್ದು ತಿಳಿದದ್ದು ಮೂವರೂ ಔಟಾಗಿ, ಕವಲಂದೆಯ ಹುಡುಗಿಯರು ರೋಜಾಳನ್ನು ಎತ್ತಿ ಕುಣಿಯತೊಡಗಿದ ಮೇಲೆ. ಒಂದು ಕೈಯಲ್ಲಿ ಕೆನ್ನೆ ಒತ್ತಿ ಹಿಡಿದುಕೊಂಡೇ ಅವನು ನಗುತ್ತಿದ್ದ.

ಮಾರನೆಯ ದಿನ ಕೆನ್ನೆ ಸ್ವಲ್ಪ ಊದಿತ್ತು. ವೆಂಕಟಮ್ಮ ಬೈಯುತ್ತಲೇ ಬಿಸಿಬಟ್ಟೆಯ ಶಾಖ ಕೊಟ್ಟಳು. ಎರಡು ದಿನ ಬಾಯಿ ತೆರೆಯಕೂಡದೆಂದು ಕಟ್ಟಪ್ಪಣೆಯಾಯಿತು. ಹಾಲು ಹಾಕಲು ಹೋದ ಪುಟ್ಟರಾಜು ಡೈರಿಯ ಮುಂದೆ ಕ್ಯಾನು ಕೆಳಗಿಟ್ಟು, ಅಲ್ಲಿದ್ದವರಿಗೆ ಬರೀ ಕೈಸನ್ನೆಯಲ್ಲೇ ಇಡೀ ರೈಡನ್ನು ಮತ್ತೊಮ್ಮೆ ಆಡಿ ತೋರಿಸಿದ.